ಮುನ್ನಾನಿಗೆ ನಾನು ಹೇಳಿದ ಸುಳ್ಳು

ಕಳೆದ ಆಗಸ್ಟ್‌ನಲ್ಲಿ ನನ್ನ ಚಿಕ್ಕ ಖಾಲಾ ಅವರ ಯಜಮಾನರು ಹೃದಯಾಘಾತದಿಂದ ತೀರಿಕೊಂಡರು. ಅವರ ಮಗ ಮುನ್ನಾನಿಗೆ ಆಗ ಐದು ವರ್ಷ, ಯುಕೆಜಿ. ಜನಾಜಾ ಹೊರಡುವವರೆಗೆ ಅವನನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಕಫನ್ ಹೊದಿಸಿದ್ದ ಖಾಲು ಅವರನ್ನು ನೋಡಿ, "ಆಪಾ, ಅಬ್ಬಾ ಯಾಕೆ ಏಳ್ತಾ ಇಲ್ಲ?" ಎಂದ. (ನಮ್ಮ ಮನೆಮಾತು ಉರ್ದು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.) ಸುತ್ತ ಎಲ್ಲರೂ ಅಳುತ್ತಿದ್ದರು. ನನಗೆ ತೋಚಿದ್ದನ್ನು ಹೇಳಿಬಿಟ್ಟೆ: "ಮಲಗಿದ್ದಾರೆ ಕಣೋ."

ಒಂದು ವಾರದ ನಂತರ ಮುನ್ನಾ ರಾತ್ರಿ ನಿದ್ದೆ ಮಾಡುವುದನ್ನೇ ಬಿಟ್ಟ. ಖಾಲಾ ಕಣ್ಣು ಮುಚ್ಚಿದರೆ ಸಾಕು, ಕೆನ್ನೆ ತಟ್ಟಿ ಎಬ್ಬಿಸುತ್ತಿದ್ದ. ಮೂರನೇ ವರ್ಷಕ್ಕೇ ನಿಂತಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾಯಿತು. ಹಟ ಮಾಡ್ತಾನೆ ಎಂದು ದೊಡ್ಡವರು ಗದರಿದರು. ಕೊನೆಗೆ ಅವನ ಶಾಲೆಯ ಮಿಸ್ ನನ್ನನ್ನು ಕರೆದು, "ಅಪ್ಪನ ವಿಷಯ ಮನೆಯಲ್ಲಿ ಇವನಿಗೆ ಏನಂತ ಹೇಳಿದ್ದೀರಿ?" ಎಂದು ಕೇಳಿದರು. ಆಗ ನನಗೆ ಅರ್ಥವಾಯಿತು. ಮಲಗಿದ ಅಬ್ಬಾನನ್ನು ಜನ ಎತ್ತಿಕೊಂಡು ಹೋದರು, ಅವರು ತಿರುಗಿ ಬರಲಿಲ್ಲ. ಹಾಗಿದ್ದ ಮೇಲೆ ಅಮ್ಮಿ ಮಲಗಿದರೆ?

ನಾನು ಕಾಮರ್ಸ್ ವಿದ್ಯಾರ್ಥಿನಿ, ಮನಶ್ಶಾಸ್ತ್ರ ನನ್ನ ವಿಷಯವಲ್ಲ. ಆದರೂ ಅಂದಿನಿಂದ ಸಿಕ್ಕಿದ್ದನ್ನೆಲ್ಲ ಓದಿದೆ. ಮರಿಯಾ ನಾಗಿ ಎಂಬ ಮನೋವಿಜ್ಞಾನಿ ಹಂಗೇರಿಯ 3ರಿಂದ 10 ವರ್ಷದ ಮಕ್ಕಳ ಬಳಿ ಸಾವಿನ ಬಗ್ಗೆ ಮಾತಾಡಿಸಿ, 1948ರಲ್ಲಿ ಅದನ್ನು ಪ್ರಕಟಿಸಿದರು. ಐದರೊಳಗಿನ ಮಕ್ಕಳು ಸಾವನ್ನು ನಿದ್ದೆ ಅಥವಾ ಪ್ರಯಾಣದಂತೆ ಕಾಣುತ್ತಾರೆ, ಹೋದವರು ಬರಬಹುದು ಎಂದುಕೊಳ್ಳುತ್ತಾರೆ ಎಂದು ಅವರು ಕಂಡರು. ಮಗುವಿನ ತಲೆಯಲ್ಲಿ ಮೊದಲೇ ಇರುವ ಈ ಗೊಂದಲಕ್ಕೆ ನಾವೇ ನೀರೆರೆಯುತ್ತೇವೆ. "ಅಲ್ಲಾಹನ ಬಳಿ ಹೋಗಿದ್ದಾರೆ" ಎನ್ನುವುದು ನಮ್ಮ ನಂಬಿಕೆ, ಅದರಲ್ಲಿ ತಪ್ಪಿಲ್ಲ. ಆದರೆ ಮುನ್ನಾನ ಪಕ್ಕದ ಮನೆಯ ಅಂಕಲ್ ದುಬೈಗೆ ಹೋಗಿದ್ದಾರೆ, ಎರಡು ವರ್ಷಕ್ಕೊಮ್ಮೆ ಚಾಕೊಲೇಟ್ ಹೊತ್ತು ಬರುತ್ತಾರೆ. "ಹೋದರು" ಎಂದರೆ ಅವನಿಗೆ ಅಷ್ಟೇ.

ಹಾಗಾಗಿ ಮಿಸ್ ಹೇಳಿಕೊಟ್ಟಂತೆ ನಾನೇ ಕುಳಿತು ಅವನಿಗೆ ಮತ್ತೆ ಹೇಳಿದೆ. ಅಬ್ಬಾ ಸತ್ತುಹೋಗಿದ್ದಾರೆ. ಅವರ ಹೃದಯ ನಿಂತುಹೋಯಿತು. ಈಗ ಅವರಿಗೆ ಹಸಿವಿಲ್ಲ, ನೋವಿಲ್ಲ, ಚಳಿಯೂ ಆಗುವುದಿಲ್ಲ. ಅವರು ತಿರುಗಿ ಬರುವುದಿಲ್ಲ. ನಾವು ಅವರಿಗಾಗಿ ದುವಾ ಮಾಡಬಹುದು. ನಿದ್ದೆಯೇ ಬೇರೆ, ಇದೇ ಬೇರೆ. ನಾನು ಅವತ್ತು ತಪ್ಪು ಹೇಳಿದೆ. ಈ ಕೊನೆಯ ಮಾತು ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಅವನು ಅಳಲಿಲ್ಲ. ಐದು ನಿಮಿಷ ಸುಮ್ಮನಿದ್ದು ಕಾರು ಆಡಲು ಹೋದ. ಇವನಿಗೆ ದುಃಖವೇ ಇಲ್ಲ ಎಂದು ನಾನಿ ಬೇಸರಪಟ್ಟರು. ಚಿಕ್ಕ ಮಕ್ಕಳ ದುಃಖ ಹೀಗೇ, ಬಿಟ್ಟುಬಿಟ್ಟು ಬರುತ್ತದೆ. ಅದೇ ಪ್ರಶ್ನೆಯನ್ನು ಅವನು ಎಷ್ಟು ಸಲ ಕೇಳಿದನೋ ಲೆಕ್ಕವಿಲ್ಲ. ಪ್ರತಿ ಸಲವೂ ಅದೇ ಉತ್ತರ ಕೊಟ್ಟೆವು.

ಒಂದು ದಿನ ಕೇಳಿದ: "ನಾನು ಸೈಕಲ್ ಬೇಕು ಅಂತ ಅತ್ತಿದ್ದಕ್ಕೆ ಹೀಗಾಯ್ತಾ?" ನನ್ನಿಂದಲೇ ಆಯಿತು ಎಂದುಕೊಳ್ಳುವುದು ಈ ವಯಸ್ಸಿನಲ್ಲಿ ಸಾಮಾನ್ಯವಂತೆ. ಮಗು ಕೇಳದಿದ್ದರೂ "ನಿನ್ನಿಂದ ಆದದ್ದಲ್ಲ" ಎಂದು ನಾವಾಗಿಯೇ ಹೇಳಬೇಕು. ಖಾಲಾ ಅವರ ಇದ್ದತ್ತನ್ನೂ ಯಾರೂ ಅವನಿಗೆ ಬಿಡಿಸಿ ಹೇಳಿರಲಿಲ್ಲ. ನಾಲ್ಕು ತಿಂಗಳು ಹತ್ತು ದಿನ ಅಮ್ಮಿ ಹೊರಗೆ ಬರುವುದಿಲ್ಲ ಎಂದಾಗ, ಅವರಿಗೂ ಕಾಯಿಲೆ ಎಂದು ಅವನು ಹೆದರಿದ್ದ. ಶಾಲೆ, ಅರಬಿ ಪಾಠ, ಊಟ ಮೊದಲಿನ ಹೊತ್ತಿಗೇ ನಡೆಯುವಂತೆ ನೋಡಿಕೊಂಡೆವು. ಅದರಿಂದ ತುಂಬ ಉಪಯೋಗವಾಯಿತು.

ಓದುವಾಗ ಚಿಕ್ಕಂದಿನಲ್ಲಿ ಮದರಸಾದಲ್ಲಿ ಕೇಳಿದ ಒಂದು ಹದೀಸ್ ನೆನಪಾಯಿತು. ಹಜ್ರತ್ ಅನಸ್ (ರ) ಅವರ ತಮ್ಮ ಅಬೂ ಉಮೈರ್ ಎಂಬ ಪುಟ್ಟ ಹುಡುಗ ಒಂದು ಹಕ್ಕಿ ಸಾಕಿದ್ದ. ಅದು ಸತ್ತು ಅವನು ಸಪ್ಪಗಿದ್ದಾಗ ಪ್ರವಾದಿ (ಸ) ಅವರು ಆ ಹಕ್ಕಿಯ ಬಗ್ಗೆಯೇ ಅವನನ್ನು ವಿಚಾರಿಸಿದರು. ಹಕ್ಕಿ ತಾನೇ, ಬಿಡು ಎನ್ನಲಿಲ್ಲ. ಬಾಲ್ಯದಲ್ಲೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡಿದ್ದವರು ಅವರು. ನಮ್ಮ ಮನೆಯಲ್ಲಿ ಖಾಲು ಅವರ ಹೆಸರೆತ್ತಿದರೆ ಮಗು ಅಳುತ್ತದೆಂದು ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದೆವು. ಈಗ ಅವರ ಫೋಟೋ ಗೋಡೆಗೆ ಬಂದಿದೆ.

ಒಂದು ವಿಷಯ ಮಾತ್ರ ಬಿಡಬೇಡಿ. ತಿಂಗಳುಗಟ್ಟಲೆ ಮಗು ಸರಿಯಾಗಿ ತಿನ್ನದೆ, ಮಲಗದೆ, ಯಾರ ಜೊತೆಯೂ ಸೇರದೆ ಇದ್ದರೆ, ಅಥವಾ ಅಪಘಾತವನ್ನು ಕಣ್ಣಾರೆ ಕಂಡು ಬೆಚ್ಚಿಬೀಳುತ್ತಿದ್ದರೆ, ಮನೆಮದ್ದು ಸಾಲದು. ಸರ್ಕಾರದ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಪ್ರತ್ಯೇಕ ವಿಭಾಗವಿದೆ. ನಾವು ಅಲ್ಲಿಗೆ ಹೋಗಬೇಕಾಗಿ ಬರಲಿಲ್ಲ.

ಶಬೆ ಬರಾತ್‌ಗೆ ಮಾಮೂ ಜೊತೆ ಮುನ್ನಾ ಮೊದಲ ಸಲ ಖಬರಸ್ತಾನಕ್ಕೆ ಹೋಗಿಬಂದ. ಬಂದವನೇ ಚಪ್ಪಲಿ ಬಿಚ್ಚುತ್ತಾ, "ಅಬ್ಬಾ ಮಲಗಿಲ್ಲ ಅಲ್ವಾ ಆಪಾ?" ಎಂದ. ಇಲ್ಲ ಎಂದೆ. "ನಂಗೊತ್ತು," ಎಂದು ಹಲ್ವಾ ತಿನ್ನಲು ಅಡುಗೆಮನೆಗೆ ಓಡಿದ.