ಹಲ್ಲು, ಮೂಳೆ ಕರಗುತ್ತವೆಯೇ?

ಗಟ್ಟಿ ಮೂಳೆಯನ್ನು ರಬ್ಬರಿನ ಹಾಗೆ ಬಗ್ಗಿಸಬಹುದು ಅಂದರೆ ನಂಬುತ್ತೀರಾ? ಮನೆಯಲ್ಲಿ ಕೋಳಿ ಮಾಡಿದ ದಿನ ಒಂದು ಕಾಲಿನ ಮೂಳೆ ತೊಳೆದು ವಿನೆಗರ್‌ನಲ್ಲಿ ಹಾಕಿಡಿ. ಎರಡು ದಿನಕ್ಕೊಮ್ಮೆ ವಿನೆಗರ್ ಬದಲಿಸಿ. ವಾರ ಕಳೆದ ಮೇಲೆ ತೆಗೆದು ನೋಡಿ, ಬಗ್ಗುತ್ತೆ! ಉಳಿದದ್ದು ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನು. ಕರಗಿ ಹೋದದ್ದು ಖನಿಜ.

ಆ ಖನಿಜದ ಹೆಸರು ಹೈಡ್ರಾಕ್ಸಿಅಪಟೈಟ್. (ಹೆಸರು ಉದ್ದ, ಹೆದರಬೇಡಿ.) ಇದರಲ್ಲಿ ಕ್ಯಾಲ್ಸಿಯಂ, ಫಾಸ್ಫೇಟ್, ಹೈಡ್ರಾಕ್ಸಿಲ್ ಸೇರಿವೆ. ಹಲ್ಲಿನ ಮೇಲಿನ ಎನಾಮೆಲ್‌ನ ತೂಕದಲ್ಲಿ ಸುಮಾರು ಶೇ. 96 ಭಾಗ ಇದೇ ಖನಿಜ. ಬರೀ ನೀರಿನಲ್ಲಿ ಇದು ಕರಗುವುದು ಅತಿ ಕಡಿಮೆ. ಆಮ್ಲ ಸೇರಿದರೆ ಮಾತ್ರ ಲೆಕ್ಕ ಬೇರೆ. ಆಮ್ಲದ ಹೈಡ್ರೋಜನ್ ಅಯಾನುಗಳು ಫಾಸ್ಫೇಟನ್ನೂ ಹೈಡ್ರಾಕ್ಸಿಲನ್ನೂ ಹಿಡಿದುಕೊಳ್ಳುತ್ತವೆ. ಆಗ ಕ್ಯಾಲ್ಸಿಯಂ ಬಿಟ್ಟುಕೊಂಡು ನೀರಿಗೆ ಬರುತ್ತೆ.

ನಮ್ಮ ಬಾಯಲ್ಲೂ ದಿನಾ ಇದೇ ನಡೆಯುತ್ತೆ. ಸಿಹಿ ತಿಂದಾಗ ಹಲ್ಲಿಗಂಟಿದ ಬ್ಯಾಕ್ಟೀರಿಯಾ ಸಕ್ಕರೆಯಿಂದ ಆಮ್ಲ ಮಾಡುತ್ತವೆ. ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್ ಕರಗಲು ಶುರು. ಆಮೇಲೆ ಜೊಲ್ಲು ಬಂದು ಆಮ್ಲವನ್ನು ತಗ್ಗಿಸಿ, ತನ್ನಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟನ್ನು ಹಲ್ಲಿಗೆ ವಾಪಸ್ ಕೊಡುತ್ತೆ. ದಿನವಿಡೀ ಪೆಪ್ಪರಮಿಂಟು ಚೀಪುತ್ತಿದ್ದರೆ ಪಾಪ, ಜೊಲ್ಲಿಗೆ ಪುರಸೊತ್ತೆಲ್ಲಿ? ಹುಳುಕು ಆಗುವುದು ಹಾಗೆ. ಹಲ್ಲಿನೊಳಗೆ ಹುಳು ಗಿಳು ಏನೂ ಇರುವುದಿಲ್ಲ.

ಮೂಳೆಯನ್ನಂತೂ ದೇಹ ಬೇಕೆಂದೇ ಕರಗಿಸುತ್ತೆ. ಕೆಲವು ಜೀವಕೋಶಗಳು ಆಮ್ಲ ಸುರಿದು ಹಳೇ ಮೂಳೆ ತೆಗೆಯುತ್ತವೆ, ಬೇರೆ ಕೋಶಗಳು ಹೊಸದನ್ನು ಕಟ್ಟುತ್ತವೆ.

ಈಗ ನಮ್ಮ ಪಾವಗಡ ಸೀಮೆಯ ಮಾತು. ಇಲ್ಲಿನ ಕಲ್ಲಿನಲ್ಲಿ ಫ್ಲೋರೈಡ್ ಇದೆ. ಅದು ಕರಗಿ ಕೊಳವೆಬಾವಿಯ ನೀರಿಗೆ ಬರುತ್ತೆ. ಫ್ಲೋರೈಡ್ ಹೈಡ್ರಾಕ್ಸಿಲ್‌ನ ಜಾಗದಲ್ಲಿ ಕೂತರೆ ಖನಿಜ ಆಮ್ಲಕ್ಕೆ ಬೇಗ ಕರಗುವುದಿಲ್ಲ. ಅದಕ್ಕೇ ಪೇಸ್ಟಿನಲ್ಲಿ ಹಾಕುತ್ತಾರೆ. ಹಾಗಾದರೆ ಜಾಸ್ತಿ ಇದ್ದಷ್ಟೂ ಒಳ್ಳೆಯದಲ್ಲವೇ? ಅಲ್ಲ! ಹಲ್ಲು ಇನ್ನೂ ಒಸಡಿನೊಳಗೆ ಬೆಳೆಯುವಾಗ, ಅಂದರೆ ಸುಮಾರು 8 ವರ್ಷದೊಳಗೆ, ಹೆಚ್ಚು ಫ್ಲೋರೈಡ್ ಕುಡಿದರೆ ಎನಾಮೆಲ್ ಸರಿಯಾಗಿ ಗಟ್ಟಿಯಾಗದೆ ಸಣ್ಣ ಸಣ್ಣ ರಂಧ್ರ ಉಳಿಯುತ್ತವೆ. ಹಲ್ಲು ಸುಣ್ಣದ ಹಾಗೆ ಬಿಳಚಿಕೊಳ್ಳುತ್ತೆ, ಆಮೇಲೆ ಕಂದು ಬಣ್ಣ ಹಿಡಿಯುತ್ತೆ. ತುಂಬಾ ವರ್ಷ ಕುಡಿದರೆ ಮೂಳೆಯಲ್ಲೂ ಸೇರಿ ಕೀಲು, ಬೆನ್ನು ಬಿಗಿಯುತ್ತವೆ. 1937ರಲ್ಲೇ ನೆಲ್ಲೂರು ಜಿಲ್ಲೆಯಲ್ಲಿ ವೈದ್ಯರು ಈ ಕಾಯಿಲೆ ಗುರುತಿಸಿದ್ದರು.

ಆದ್ದರಿಂದ ಕಂದು ಹಲ್ಲಿನವರನ್ನು "ಹಲ್ಲುಜ್ಜಲ್ವೇನೋ" ಅಂತ ಅಣಕಿಸುವುದು ಶುದ್ಧ ತಪ್ಪು. ಆ ಕಲೆ ಇಟ್ಟಿಗೆ ಪುಡಿ, ಇದ್ದಿಲು ಹಾಕಿ ತಿಕ್ಕಿದರೂ ಹೋಗಲ್ಲ, ಎನಾಮೆಲ್ ಸವೆಯುತ್ತೆ ಅಷ್ಟೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನೂ ಹೆಚ್ಚುತ್ತೆ. ಮಳೆನೀರಿನಲ್ಲಿ ಮಾತ್ರ ಅದು ಇಲ್ಲವೆನ್ನುವಷ್ಟು ಕಡಿಮೆ.