ಮಗುವನ್ನು ಅರಿತು ಬೆಳೆಸುವ ಬಗೆ



ಈ ಸಂಚಿಕೆಯ ಅಧ್ಯಯನಕ್ಕೆ ಮಕ್ಕಳ ವಿಷಯವೊಂದನ್ನು ಎತ್ತಿಕೊಂಡಿದ್ದೇವೆ. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಕಡೆಯಿಂದ ಶ್ರೀಮಠಕ್ಕೆ ಬರುವ ತಾಯಂದಿರು ಕೇಳುವ ಕೆಲವು ಮಾತುಗಳು ಮತ್ತೆ ಮತ್ತೆ ನಮ್ಮ ಕಿವಿಗೆ ಬೀಳುತ್ತವೆ. "ಮೂರು ವರ್ಷ ತುಂಬಿತು, ಮಗ ಇನ್ನೂ ಮಾತಾಡವಲ್ಲ." "ಹೆಸರು ಹಿಡದು ಕರದರ ಹೊಳ್ಳಿ ನೋಡಂಗಿಲ್ಲ." "ಸಾಲಿಯೊಳಗ ಒಂದ ಕಡೆ ಕುಂದ್ರಂಗಿಲ್ಲ ಅಂತ ಮಾಸ್ತರು ದಿನಾ ಹೇಳಿ ಕಳಸ್ತಾರ." "ಬಾಯಿಲೆ ಎಲ್ಲಾ ಹೇಳ್ತಾಳ, ಬರಿ ಅಂದ್ರ ಬರಂಗಿಲ್ಲ." ಇಂಥ ಮಕ್ಕಳನ್ನು ಊರಿನವರು ಮೊಂಡ, ಹಟಮಾರಿ, ದಡ್ಡ ಎಂದು ಕರೆದು ಮುಗಿಸಿಬಿಡುತ್ತಾರೆ. ಕೆಲವರು ದೃಷ್ಟಿ ತೆಗೆಸಲು, ತಾಯಿತ ಕಟ್ಟಿಸಲು ತಿರುಗುತ್ತಾರೆ. ಅಷ್ಟರಲ್ಲಿ ಮಗುವಿನ ಅಮೂಲ್ಯವಾದ ಎರಡು ಮೂರು ವರ್ಷ ಕಳೆದುಹೋಗುತ್ತವೆ. ಆದ್ದರಿಂದ ಈ ವಿಷಯದಲ್ಲಿ ಈಗ ನಿಶ್ಚಿತವಾಗಿ ತಿಳಿದಿರುವ ಸಂಗತಿಗಳನ್ನು ಸರಳವಾಗಿ ಮುಂದಿಡುತ್ತೇವೆ. ಮನೆಮಂದಿಯೆಲ್ಲ ಕೂಡಿ ಓದಬೇಕೆಂದು ವಿನಂತಿ.

1. ಹೆಸರುಗಳ ಪರಿಚಯ

ಮಿದುಳು ಬೆಳೆಯುವ ಮತ್ತು ಕೆಲಸ ಮಾಡುವ ರೀತಿಯೇ ಉಳಿದವರಿಗಿಂತ ಬೇರೆಯಾಗಿರುವ ಮಕ್ಕಳನ್ನು ಈಗ 'ನ್ಯೂರೋಡೈವರ್ಜೆಂಟ್' ಮಕ್ಕಳೆಂದು ಕರೆಯುತ್ತಾರೆ. ಇದರಲ್ಲಿ ಮುಖ್ಯವಾಗಿ ಮೂರು ಬಗೆಗಳನ್ನು ತಿಳಿಯೋಣ.

ಮೊದಲನೆಯದು ಆಟಿಸಂ. ಕನ್ನಡದಲ್ಲಿ ಸ್ವಲೀನತೆ ಎನ್ನುತ್ತಾರೆ. ಮಹಾರಾಷ್ಟ್ರದ ಸರಕಾರಿ ಕಾಗದಗಳಲ್ಲಿ ಸ್ವಮಗ್ನತಾ ಎಂದು ಇರುತ್ತದೆ. ಬೇರೆಯವರೊಡನೆ ಬೆರೆಯುವುದು, ಮಾತು ಮತ್ತು ಸನ್ನೆಯಿಂದ ಮನಸ್ಸಿನದನ್ನು ತಿಳಿಸುವುದು ಈ ಮಕ್ಕಳಿಗೆ ಕಷ್ಟ. ಒಂದೇ ಕ್ರಮ, ಒಂದೇ ಆಟ ಇವರಿಗೆ ಹಿಡಿಸುತ್ತದೆ. ಸದ್ದು, ಬೆಳಕು, ಬಟ್ಟೆಯ ಸ್ಪರ್ಶ ಇವು ಕೆಲವರಿಗೆ ಅತಿಯಾಗಿ ತಾಗುತ್ತವೆ. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು ಅಮೆರಿಕೆಯಲ್ಲಿ ಇಂಥ 11 ಮಕ್ಕಳ ಬಗ್ಗೆ ಬರೆದ ಲೇಖನದಿಂದ ಇದು ವೈದ್ಯಲೋಕದ ಗಮನಕ್ಕೆ ಬಂದಿತು.

ಎರಡನೆಯದು ಎಡಿಎಚ್‌ಡಿ. ಗಮನ ಒಂದೆಡೆ ನಿಲ್ಲದಿರುವುದು, ಸುಮ್ಮನೆ ಕೂಡಲಾಗದಿರುವುದು, ಯೋಚಿಸುವ ಮೊದಲೇ ಕೈ ಹಾಕುವುದು ಇದರ ಲಕ್ಷಣ. ಎಲ್ಲ ಚಿಕ್ಕ ಮಕ್ಕಳೂ ಓಡಾಡುತ್ತಾರೆ. ಆದರೆ ಈ ಲಕ್ಷಣಗಳು 12 ವರ್ಷಕ್ಕೆ ಮುಂಚೆಯೇ ಕಾಣಿಸಿಕೊಂಡು, ಕನಿಷ್ಠ ಆರು ತಿಂಗಳು ಬಿಡದೆ, ಮನೆ ಮತ್ತು ಶಾಲೆ ಎರಡೂ ಕಡೆ ತೊಂದರೆ ಕೊಡುತ್ತಿದ್ದರೆ ಮಾತ್ರ ವೈದ್ಯರು ಈ ಹೆಸರು ಕೊಡುತ್ತಾರೆ.

ಮೂರನೆಯದು ಕಲಿಕೆಯ ತೊಡಕು, ಅದರಲ್ಲೂ ಓದಿನ ತೊಡಕಾದ ಡಿಸ್ಲೆಕ್ಸಿಯಾ. ಬುದ್ಧಿ ಸರಿಯಾಗಿಯೇ ಇರುತ್ತದೆ. ಅಕ್ಷರಕ್ಕೂ ಅದರ ಸದ್ದಿಗೂ ಗಂಟು ಹಾಕುವಲ್ಲಿ ಮಿದುಳು ತಡವರಿಸುತ್ತದೆ. ನಮ್ಮ ಗಡಿಭಾಗದ ಮಗು ಎರಡು ಲಿಪಿಗಳನ್ನು ಕಲಿಯಬೇಕು. ಕನ್ನಡದಲ್ಲಿ ದ, ಧ, ಥ ಮತ್ತು ಪ, ಷ, ದೇವನಾಗರಿಯಲ್ಲಿ ಘ, ಧ ಮತ್ತು ಭ, ಮ ನೋಡಲು ಒಂದರಂತೆ ಒಂದಿವೆ. ಸಾಮಾನ್ಯ ಮಗು ಕೆಲವು ತಿಂಗಳಲ್ಲಿ ದಾಟುವ ಈ ಗೊಂದಲದಲ್ಲಿ ಡಿಸ್ಲೆಕ್ಸಿಯಾ ಇರುವ ಮಗು ವರ್ಷಗಟ್ಟಲೆ ಸಿಕ್ಕಿಕೊಳ್ಳುತ್ತದೆ.

ಇದು ಅಪರೂಪದ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು. ಈ ಲೆಕ್ಕ ಹಿಡಿದರೆ 5,000 ಜನವಸತಿಯ ಊರಿನಲ್ಲಿ ಸುಮಾರು 39 ಜನ ಆಗುತ್ತಾರೆ. ಅವರಲ್ಲಿ ಎಷ್ಟು ಜನರನ್ನು ನಾವು ಹೆಸರಿಡದೆ, ಅರಿಯದೆ ಬೈದು ಬಿಟ್ಟಿದ್ದೇವೆ ಎಂಬುದನ್ನು ಪ್ರತಿಯೊಂದು ಊರಿನವರೂ ಯೋಚಿಸಬೇಕು.

2. ತಾಯಿಯ ಮೇಲೆ ತಪ್ಪು ಹೊರಿಸಬಾರದು

ಮಗು ಬೇರೆಯಾಗಿದ್ದರೆ ಮೊದಲ ಬೆರಳು ತಾಯಿಯ ಕಡೆ ತಿರುಗುತ್ತದೆ. "ಬಸುರಿದ್ದಾಗ ಗ್ರಹಣದಾಗ ಹೊರಗ ಬಂದಿದ್ದಳು," "ಇವಳ ತವರಮನೆ ಕಡಿಂದ ಬಂದದ್ದು," "ಮುದ್ದು ಮಾಡಿ ಕೆಡಿಸ್ಯಾಳ" ಎಂಬ ಮಾತುಗಳು ಮನೆಮನೆಯಲ್ಲಿವೆ. ಓದಿದವರ ಲೋಕವೂ ಇದೇ ಹಾದಿ ಹಿಡಿದಿತ್ತು. ತಾಯಿತಂದೆಯ ತಣ್ಣಗಿನ ಸ್ವಭಾವವೇ ಆಟಿಸಂಗೆ ಕಾರಣವೆಂದು ಅಮೆರಿಕೆಯಲ್ಲಿ ಬಹಳ ಕಾಲ ನಂಬಿದ್ದರು. ಬ್ರೂನೋ ಬೆಟೆಲ್‌ಹೈಮ್ ಎಂಬುವರು 1967ರ ಗ್ರಂಥದಲ್ಲಿಯೂ ಈ ವಾದವನ್ನೇ ಎತ್ತಿ ಹಿಡಿದರು. ಆದರೆ ಅದಕ್ಕೂ ಮೊದಲು, 1964ರಲ್ಲಿ, ಬರ್ನಾರ್ಡ್ ರಿಮ್ಲಂಡ್ ಎಂಬ ಮನಶ್ಶಾಸ್ತ್ರಜ್ಞರು ಇದು ಮಿದುಳಿಗೆ ಸಂಬಂಧಿಸಿದ್ದು, ಸಾಕಣೆಯ ದೋಷವಲ್ಲ ಎಂದು ಬರೆದಿದ್ದರು. ಅವರು ಸ್ವತಃ ಇಂಥ ಮಗನ ತಂದೆ. 1977ರಲ್ಲಿ ಬ್ರಿಟನ್ನಿನಲ್ಲಿ ಅವಳಿ ಮಕ್ಕಳ ಮೇಲೆ ನಡೆದ ಅಧ್ಯಯನವು ಅನುವಂಶೀಯತೆಯ ಪಾಲು ದೊಡ್ಡದೆಂದು ತೋರಿಸಿತು. ನಂತರದ ಸಂಶೋಧನೆಗಳು ಅದನ್ನು ಗಟ್ಟಿ ಮಾಡಿವೆ. ಎಡಿಎಚ್‌ಡಿ ಮತ್ತು ಡಿಸ್ಲೆಕ್ಸಿಯಾದ ಮಾತೂ ಹೀಗೆಯೇ. ಅನುವಂಶೀಯವೆಂದರೆ ತಾಯಿಯ ಕಡೆಯದೆಂದು ಅರ್ಥವಲ್ಲ. ಎರಡೂ ಮನೆತನದ ಪಾಲು ಅದರಲ್ಲಿರಬಹುದು.

ಲಸಿಕೆಯ ಮೇಲಿನ ಸಂಶಯವನ್ನೂ ಬಿಡಬೇಕು. ದಡಾರದ ಲಸಿಕೆಗೂ ಆಟಿಸಂಗೂ ಸಂಬಂಧ ಸೂಚಿಸಿದ 1998ರ ಲೇಖನವನ್ನು, ಅದನ್ನು ಪ್ರಕಟಿಸಿದ 'ಲ್ಯಾನ್ಸೆಟ್' ಪತ್ರಿಕೆಯೇ 2010ರಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ಲಸಿಕೆ ತಪ್ಪಿಸಿದರೆ ಮಗುವಿಗೆ ದಡಾರದ ಅಪಾಯ ಬರುತ್ತದೆ, ಬೇರೆ ಲಾಭವೇನೂ ಇಲ್ಲ.

ಹಿಂದಿನ ಜನ್ಮದ ಪಾಪವೆಂದು ಹೇಳುವವರಿಗೂ ಒಂದು ಮಾತು. ಶರಣರ ಹಾದಿಯಲ್ಲಿ ಹುಟ್ಟಿನಿಂದ ಯಾರೂ ಕೀಳಲ್ಲ. ಹಾಗಿರುವಾಗ ಹುಟ್ಟಿದ ಮಗುವಿನ ಮೇಲೆ ಪಾಪದ ಹೊರೆ ಹೊರಿಸುವುದು ನಮಗೆ ಒಪ್ಪುವುದಿಲ್ಲ.

3. ಎರಡು ಭಾಷೆಯ ಮನೆ

ಗಡಿಭಾಗದ ನಮಗೆ ಇದು ಬಹು ಮುಖ್ಯವಾದ ಪ್ರಶ್ನೆ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಸೊಲ್ಲಾಪುರದ ಕೆಲವು ಪೇಟೆಗಳಲ್ಲಿ ತೆಲುಗು ಸಹ. ಮಗು ಮಾತಾಡಲು ತಡಮಾಡಿದರೆ "ಎರಡು ಭಾಷೆ ಕಿವಿಗೆ ಬಿದ್ದು ಗೊಂದಲ ಆಗೇದ, ಕನ್ನಡ ಬಿಡಿ, ಸಾಲಿ ಭಾಷೆ ಒಂದನ್ನೇ ಆಡಿರಿ" ಎಂಬ ಸಲಹೆ ಬರುತ್ತದೆ. ಅದನ್ನು ನಂಬಿ ತಾಯಿ ತನಗೆ ಸರಿಯಾಗಿ ಬಾರದ ಮರಾಠಿಯಲ್ಲಿ ಎರಡೇ ಮಾತಾಡಿ ಸುಮ್ಮನಾಗುತ್ತಾಳೆ. ಕನ್ನಡವಷ್ಟೇ ಬಲ್ಲ ಅಜ್ಜಿ ಮೊಮ್ಮಗುವಿನ ಮುಂದೆ ಮೂಕಳಾಗುತ್ತಾಳೆ. ಮೊದಲೇ ಮಾತು ಕಡಿಮೆಯಿರುವ ಮಗುವಿಗೆ ಮನೆಯ ಮಾತೂ ಕಡಿಮೆಯಾಗುತ್ತದೆ.

ಈ ಸಲಹೆಗೆ ಆಧಾರವಿಲ್ಲ. ಎರಡು ಭಾಷೆಯಿಂದ ಆಟಿಸಂ ಬರುವುದಿಲ್ಲ. ಹೊರದೇಶಗಳಲ್ಲಿ ನಡೆದ ಹಲವು ಅಧ್ಯಯನಗಳಲ್ಲಿ, ಎರಡು ಭಾಷೆಯ ಮನೆಯಲ್ಲಿ ಬೆಳೆದ ಆಟಿಸಂ ಮಕ್ಕಳು ಒಂದೇ ಭಾಷೆಯ ಮನೆಯ ಆಟಿಸಂ ಮಕ್ಕಳಿಗಿಂತ ಮಾತಿನಲ್ಲಿ ಹಿಂದೆ ಬಿದ್ದಿರಲಿಲ್ಲ. ತಾಯಿತಂದೆಗೆ ಯಾವ ಭಾಷೆ ಕರುಳಿನಿಂದ ಬರುತ್ತದೋ, ಜೋಗುಳ, ಒಗಟು, ಬೈಗುಳ, ಮುದ್ದು ಎಲ್ಲ ಯಾವ ಭಾಷೆಯಲ್ಲಿದೆಯೋ, ಅದರಲ್ಲಿಯೇ ಮಗುವಿನೊಡನೆ ಮಾತಾಡಬೇಕು. ಅದರ ಜೊತೆ ಶಾಲೆಯ ಮರಾಠಿಯೂ ಇರಲಿ.

ಇನ್ನೊಂದು ಎಚ್ಚರ. ಮಗುವಿನ ಬುದ್ಧಿ, ಮಾತು ಪರೀಕ್ಷಿಸುವಾಗ ಮನೆಭಾಷೆ ಕನ್ನಡವೆಂದು ಮೊದಲೇ ಹೇಳಬೇಕು. ತಿಳಿಯದ ಭಾಷೆಯಲ್ಲಿ ಕೇಳಿದ ಪ್ರಶ್ನೆಗೆ ಯಾವ ಮಗುವೂ ಉತ್ತರ ಕೊಡಲಾರದು.

4. ವರ್ತನೆಯ ಹಿಂದಿನ ಕಾರಣ

ಸಂಕ್ರಾಂತಿಯ ಹೊತ್ತಿಗೆ ಸೊಲ್ಲಾಪುರದ ಸಿದ್ಧರಾಮೇಶ್ವರ ಜಾತ್ರೆಯಲ್ಲಿ ನಂದಿಧ್ವಜಗಳ ಮೆರವಣಿಗೆ ನಡೆಯುವಾಗ ವಾದ್ಯ, ಜಯಕಾರ, ನೂಕುನುಗ್ಗಲು ನಮಗೆ ಉತ್ಸಾಹ ತರುತ್ತವೆ. ಅದೇ ಸದ್ದು ಕೆಲವು ಆಟಿಸಂ ಮಕ್ಕಳಿಗೆ ಕಿವಿಯಲ್ಲಿ ಮೊಳೆ ಹೊಡೆದಂತೆ ಆಗುತ್ತದೆ. ಮಗು ಕಿವಿ ಮುಚ್ಚಿಕೊಂಡು ಚೀರುತ್ತದೆ, ನೆಲಕ್ಕೆ ಬೀಳುತ್ತದೆ. ನೋಡಿದವರು ಹಟ ಎನ್ನುತ್ತಾರೆ. ಹಟಕ್ಕೆ ಬೇಕಾದದ್ದು ಸಿಕ್ಕರೆ ಅದು ನಿಲ್ಲುತ್ತದೆ. ತಡೆಯಲಾರದೆ ಒಡೆದುಹೋದ ಮಗುವಿಗೆ ಬೊಂಬೆ ಕೊಟ್ಟರೂ ನಿಲ್ಲುವುದಿಲ್ಲ. ಸದ್ದಿಲ್ಲದ ಜಾಗ, ಸಮಯ, ಪಕ್ಕದಲ್ಲಿ ಸುಮ್ಮನೆ ಕುಳಿತ ತಾಯಿ ಬೇಕು. ಆ ಹೊತ್ತಿನಲ್ಲಿ ಹೊಡೆದರೆ ಭಯ ಕೂಡಿಕೊಳ್ಳುತ್ತದೆಯೇ ಹೊರತು ಕಲಿಕೆ ಆಗುವುದಿಲ್ಲ.

ಕಾರಣ ಹುಡುಕಲು ಒಂದು ಸುಲಭ ಉಪಾಯವಿದೆ. ನೂರು ಪುಟದ ಒಂದು ನೋಟಬುಕ್ಕಿನಲ್ಲಿ ಮೂರು ಕಾಲಂ ಎಳೆಯಿರಿ. ಮೊದಲನೆಯದರಲ್ಲಿ, ಅದಕ್ಕೂ ಮುಂಚೆ ಏನು ನಡೆಯಿತು. ಎರಡನೆಯದರಲ್ಲಿ, ಮಗು ಏನು ಮಾಡಿತು. ಮೂರನೆಯದರಲ್ಲಿ, ನಂತರ ನಾವು ಏನು ಮಾಡಿದೆವು. ದಿನಾಂಕ, ವೇಳೆ ಹಾಕಿ ಹದಿನೈದು ದಿನ ಬರೆಯಿರಿ. ಕಿರ್ದಿ ಸರಿಯಿದ್ದರೆ ಖಾತೆ ತಾನೇ ಮಾತಾಡುತ್ತದೆ. ಉದಾಹರಣೆಗೆ, ಪ್ರತಿ ಸಲ ಮಿಕ್ಸರ್ ಹಚ್ಚಿದಾಗಲೇ ಅಳು ಬರುತ್ತದೆ, ಅಥವಾ ಆಟದ ನಡುವೆ ಹೇಳದೆ ಕೇಳದೆ ಎಬ್ಬಿಸಿದಾಗಲೇ ಕಚ್ಚುತ್ತದೆ ಎಂದು ಗೊತ್ತಾಗಬಹುದು. ಆಗ ಬದಲಿಸಬೇಕಾದದ್ದು ಯಾವುದೆಂದು ಹೊಳೆಯುತ್ತದೆ. ಈ ಪುಸ್ತಕ ವೈದ್ಯರಿಗೂ ಬಹಳ ಉಪಯೋಗಕ್ಕೆ ಬರುತ್ತದೆ.

5. ನಂಟು ಬೆಳೆಸುವ ದಿನಚರಿ

(ಅ) ದಿನಕ್ಕೆ ಹದಿನೈದು ನಿಮಿಷ ನೆಲದ ಮೇಲೆ ಕುಳಿತು ಮಗುವಿನ ಆಟದಲ್ಲಿ ಸೇರಿರಿ. ಅದು ಡಬ್ಬಿಯ ಮುಚ್ಚಳ ತಿರುಗಿಸುತ್ತಿದ್ದರೆ ನೀವೂ ಇನ್ನೊಂದನ್ನು ತಿರುಗಿಸಿರಿ. ಕಲಿಸಬೇಕೆಂಬ ಆತುರ ಬೇಡ. ಮಗು ಒಮ್ಮೆ ನಿಮ್ಮ ಮುಖ ನೋಡಿದರೆ ಅಂದಿನ ದುಡಿಮೆ ಬಂದಂತೆ.

(ಆ) ಮಾತು ಚಿಕ್ಕದಿರಲಿ. "ಕೈ ತೊಳಕೊ, ಅಂಗಿ ಹಾಕೊ, ಚೀಲ ತಗೊ" ಎಂದು ಒಂದೇ ಉಸಿರಿಗೆ ಹೇಳಿದರೆ ಎಡಿಎಚ್‌ಡಿ ಇರುವ ಮಗುವಿಗೆ ಕೊನೆಯದಷ್ಟೇ ಉಳಿಯುತ್ತದೆ. ಹತ್ತಿರ ಹೋಗಿ ಒಂದು ಮಾತು ಹೇಳಿ, ಅದು ಆದ ಮೇಲೆ ಇನ್ನೊಂದು ಹೇಳಿರಿ.

(ಇ) ದಿನದ ಕ್ರಮವನ್ನು ಚಿತ್ರದಲ್ಲಿ ಗೋಡೆಗೆ ಅಂಟಿಸಿರಿ: ಸ್ನಾನ, ರೊಟ್ಟಿ, ಶಾಲೆ, ಆಟ, ನಿದ್ದೆ. ಮದುವೆಗೆ ಹೋಗುವುದಿದ್ದರೆ, ಬೇರೆ ಊರಿಗೆ ಹೊರಡುವುದಿದ್ದರೆ ಮೊದಲೇ ತಿಳಿಸಿರಿ. ಮಾತು ಬಾರದ ಮಗು ಚಿತ್ರ ತೋರಿಸಿ, ಸನ್ನೆ ಮಾಡಿ ಕೇಳಿದರೂ ಅದನ್ನು ಮಾತೆಂದೇ ತಿಳಿಯಿರಿ. ಸನ್ನೆಯಿಂದ ಮಾತು ನಿಂತುಹೋಗುವುದಿಲ್ಲ.

(ಈ) ಓದಿನ ತೊಡಕಿರುವ ಮಗುವಿಗೆ ನೀವು ಓದಿ ಹೇಳಿರಿ. ಅಕ್ಷರವನ್ನು ಮರಳಿನಲ್ಲಿ, ಹಿಟ್ಟಿನಲ್ಲಿ ಬೆರಳಿನಿಂದ ತೀಡಿಸಿ, ಸದ್ದನ್ನು ಬಾಯಿಂದ ಹೇಳಿಸಿರಿ. ಅಣ್ಣನ ಅಂಕಪಟ್ಟಿ ತೋರಿಸಿ ಹೀಯಾಳಿಸಬೇಡಿರಿ.

(ಉ) ಅಳುವ ಮಗುವಿಗೆ ಮೊಬೈಲ್ ಕೊಡುವ ಚಾಳಿ ಬಿಡಿರಿ. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡ, 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಸೂಚನೆ.

(ಊ) ಮನೆಯ ಇನ್ನುಳಿದ ಮಕ್ಕಳನ್ನು ಮರೆಯಬೇಡಿರಿ. ತಾಯಿಗೂ ವಾರಕ್ಕೆ ಒಂದೆರಡು ತಾಸು ಬಿಡುವು ಸಿಗುವಂತೆ ಗಂಡ, ಅತ್ತೆ, ನಾದಿನಿ ಹೊಣೆ ಹಂಚಿಕೊಳ್ಳಬೇಕು.

6. ಎಂದು, ಎಲ್ಲಿ ತೋರಿಸಬೇಕು

ವರ್ಷ ತುಂಬಿದರೂ ತೊದಲು ನುಡಿ ಇಲ್ಲ, ಸನ್ನೆ ಇಲ್ಲ. 16 ತಿಂಗಳಾದರೂ ಒಂದು ಪದವಿಲ್ಲ. ಎರಡು ವರ್ಷವಾದರೂ ಎರಡು ಪದ ಕೂಡಿಸಿ ಆಡುವುದಿಲ್ಲ. ಯಾವ ವಯಸ್ಸಿನಲ್ಲೇ ಆಗಲಿ, ಬರುತ್ತಿದ್ದ ಮಾತು ನಿಂತಿತು ಎಂದರೆ ಕಾಯಬಾರದು. "ಅವರಪ್ಪನೂ ತಡಾ ಮಾತಾಡಿದ್ದ" ಎಂದು ಕೂಡಬಾರದು. ಮೊದಲು ಕಿವಿಯ ಪರೀಕ್ಷೆ, ನಂತರ ಮಕ್ಕಳ ತಜ್ಞರು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ಅಂಗನವಾಡಿ, ಸರಕಾರಿ ಶಾಲೆಗಳಿಗೆ ಬಂದು ಮಕ್ಕಳನ್ನು ಉಚಿತವಾಗಿ ತಪಾಸಣೆ ಮಾಡುತ್ತದೆ. ಹೆಚ್ಚಿನ ಪರೀಕ್ಷೆಗೆ ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳಿಸುತ್ತದೆ. ತಂಡ ಬರುವ ದಿನ ಅಂಗನವಾಡಿ ತಾಯಿಯನ್ನು ಕೇಳಿಕೊಳ್ಳಿರಿ. ಕನ್ನಡದಲ್ಲಿ ಮಾತಿನ ಪರೀಕ್ಷೆ ಬೇಕಾದವರಿಗೆ 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. ಆಟಿಸಂ ಪೂರ್ತಿ ಗುಣ ಮಾಡುತ್ತೇವೆಂದು ಜಾಹೀರಾತು ಕೊಟ್ಟು ಸಾವಿರಗಟ್ಟಲೆ ಕೀಳುವವರನ್ನು ದೂರವಿಡಿರಿ. ಅಂಥ ಔಷಧವಿಲ್ಲ, ತರಬೇತಿಯಿಂದ ಮಗು ತನ್ನ ಶಕ್ತಿಯಷ್ಟು ಬೆಳೆಯುತ್ತದೆ. ಎಡಿಎಚ್‌ಡಿಗೆ ಔಷಧವುಂಟು, ಅದನ್ನು ತಜ್ಞ ವೈದ್ಯರು ಮಾತ್ರ ನಿರ್ಧರಿಸಬೇಕು.

ಕಾಗದಪತ್ರದ ಮಾತು. 1995ರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 2016ರ ವಿಕಲಾಂಗ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಹೇಳುವ 21 ಬಗೆಗಳಲ್ಲಿ ಆಟಿಸಂ ಮತ್ತು ಕಲಿಕೆಯ ತೊಡಕು ಎರಡೂ ಸೇರಿವೆ, ಎಡಿಎಚ್‌ಡಿ ಸೇರಿಲ್ಲ. ಶೇಕಡ 40 ಅಥವಾ ಹೆಚ್ಚು ಎಂದು ಪ್ರಮಾಣಪತ್ರ ದೊರೆತ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಒಂದು ಜಿಲ್ಲೆಯಲ್ಲಿ ಪಡೆದ ಪ್ರಮಾಣಪತ್ರ ದೇಶದ ಎಲ್ಲೆಡೆ ನಡೆಯುತ್ತದೆ. ಆದ್ದರಿಂದ ಮಹಾರಾಷ್ಟ್ರದ ಕಾಗದ ವಿಜಯಪುರದಲ್ಲಿ ನಡೆಯುವುದೋ ಇಲ್ಲವೋ ಎಂಬ ಚಿಂತೆ ಬೇಡ. ಅರ್ಜಿ ಕೊಡುವಾಗ ಆಧಾರ್ ಮತ್ತು ಶಾಲಾ ದಾಖಲೆಯಲ್ಲಿ ಮಗುವಿನ ಹೆಸರು, ಅಡ್ಡಹೆಸರು, ಜನ್ಮದಿನಾಂಕ ಒಂದೇ ರೀತಿ ಇವೆಯೇ ಎಂದು ನೋಡಿಕೊಳ್ಳಿರಿ. ಆಟಿಸಂ ಇರುವವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ 'ನಿರಾಮಯ' ಎಂಬ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆಯೂ, 18 ವರ್ಷ ದಾಟಿದವರಿಗೆ ಪಾಲಕರನ್ನು ನೇಮಿಸುವ ವ್ಯವಸ್ಥೆಯೂ ಇವೆ. ಮನಸ್ಸು ಕುಗ್ಗಿದ ತಾಯಿತಂದೆಯರು 14416ಕ್ಕೆ ಫೋನ್ ಮಾಡಿದರೆ ಸರಕಾರದ ಟೆಲಿ ಮಾನಸ್ ಸೇವೆಯಲ್ಲಿ ಕನ್ನಡದಲ್ಲಿಯೂ ಮಾತಾಡಬಹುದು.

7. ನಮ್ಮೆಲ್ಲರ ಹೊಣೆ

ಮಗುವನ್ನು ಮನೆಯೊಳಗೆ ಬಚ್ಚಿಡುವ ತಾಯಿತಂದೆ ನಾಚಿಕೆಯಿಂದಲ್ಲ, ನಮ್ಮ ನೋಟಕ್ಕೆ ಹೆದರಿ ಬಚ್ಚಿಡುತ್ತಾರೆ. ಶ್ರೀಮಠದ ಪ್ರಸಾದದ ಪಂಕ್ತಿಯಲ್ಲಿ ಇಂಥ ಮಗು ಎದ್ದು ಓಡಿದರೆ ಯಾರೂ ಗದರಬಾರದು. ಗದ್ದಲ ಕಡಿಮೆಯಿರುವ ಮೊದಲ ಪಂಕ್ತಿಯಲ್ಲಿ ಆ ಕುಟುಂಬಕ್ಕೆ ಜಾಗ ಬಿಟ್ಟುಕೊಡಬೇಕು. ಶಾಲೆಯ ಗುರುಗಳು ಮುಂದಿನ ಸಾಲಿನಲ್ಲಿ ಕೂಡಿಸಿ, ಬರೆಯಲು ಸ್ವಲ್ಪ ಹೆಚ್ಚು ವೇಳೆ ಕೊಡಬೇಕು. ನಾಲ್ಕು ವರ್ಷದ ಹತ್ತಿರದವರೆಗೆ ಮಾತು ಬಾರದ ಟೆಂಪಲ್ ಗ್ರ್ಯಾಂಡಿನ್ ಎಂಬ ಹೆಣ್ಣುಮಗಳು ಮುಂದೆ ಅಮೆರಿಕೆಯಲ್ಲಿ ಪಶುವಿಜ್ಞಾನದ ಪ್ರಾಧ್ಯಾಪಕಿಯಾದರು. ಎಲ್ಲ ಮಕ್ಕಳೂ ಪ್ರಾಧ್ಯಾಪಕರಾಗಬೇಕಿಲ್ಲ. ದನ ಕಾಯುವುದು, ಮಗ್ಗದ ಮುಂದೆ ಕೂಡುವುದು, ಅಂಗಡಿಯಲ್ಲಿ ಸಾಮಾನು ಜೋಡಿಸುವುದು ಯಾವುದೇ ಇರಲಿ, ಮಗುವಿಗೆ ಒಗ್ಗುವ ಕಾಯಕ ಒಂದು ಇದ್ದೇ ಇರುತ್ತದೆ. ಅದನ್ನು ಹುಡುಕಿಕೊಡುವುದು ಹಿರಿಯರ ಕೆಲಸ.

ಮನೆಯಲ್ಲಿ ಚರ್ಚಿಸಲು ಪ್ರಶ್ನೆಗಳು

1. ನಮ್ಮ ಓಣಿಯಲ್ಲಿ ಮೊಂಡ, ದಡ್ಡ ಎಂದು ಕರೆಸಿಕೊಳ್ಳುವ ಮಗು ಯಾವುದು? ಅದರ ಕಷ್ಟವೇನೆಂದು ಯಾರಾದರೂ ಕೇಳಿದ್ದಾರೆಯೇ?
2. ಮನೆಭಾಷೆ ಬಿಡಿಸಿದರೆ ಮಾತು ತಡವಾದ ಮಗು ಏನನ್ನು ಕಳೆದುಕೊಳ್ಳುತ್ತದೆ?
3. ಮೂರು ಕಾಲಂಗಳ ಪುಸ್ತಕದಲ್ಲಿ ಹದಿನೈದು ದಿನದ ನಂತರ ನಿಮಗೆ ಕಂಡ ಕಾರಣವೇನು?
4. ಅಂಥ ಮಗುವಿನ ತಾಯಿಗೆ ಈ ವಾರ ಎರಡು ತಾಸು ಬಿಡುವು ಕೊಡಲು ನಿಮ್ಮ ಮನೆಯಿಂದ ಯಾರು ಹೋಗುವಿರಿ?