ಉಸಿರಾಡುವ ಬೇರುಗಳು

ವಿದ್ಯಾರ್ಥಿಗಳೇ, ಹಾರ್ಬರ್ ಮಾರ್ಗದ ಗಾಡಿಯು ಮಾನಖುರ್ದನ್ನು ಬಿಟ್ಟು ವಾಶಿಯ ಕಡೆಗೆ ಖಾಡಿಯನ್ನು ದಾಟುವಾಗ, ಕಿಟಕಿಯ ಬಳಿ ಕುಳಿತವರಿಗೆ ಕೆಸರಿನಲ್ಲಿ ನಿಂತ ಹಸುರು ಗಿಡಗಳು ಕಾಣಿಸುವುವಷ್ಟೆ. ಅವನ್ನು ನಮ್ಮ ಕರಾವಳಿಯವರು ಕಾಂಡ್ಲಾ ಎನ್ನುತ್ತಾರೆ. ಮರಾಠಿಯಲ್ಲಿ ಆ ಕಾಡಿಗೆ ಕಾಂದಳವನವೆಂದು ಹೆಸರು. ಮುಂಬಯಿಯಲ್ಲಿ ಹೆಚ್ಚಾಗಿ ಬೆಳೆಯುವುದು ಅವಿಸೆನ್ನಿಯಾ ಎಂಬ ಜಾತಿ. ಇಲ್ಲಿಯವರು ಇದನ್ನು ತಿವರವೆಂದು ಕರೆಯುತ್ತಾರೆ.

ಮಾವಿನ ಹೋಳುಗಳಿಗೆ ಉಪ್ಪು ಬೆರೆಸಿಟ್ಟರೆ ಅವು ನೀರು ಬಿಟ್ಟು ಸೊರಗುವುದನ್ನು ಮನೆಯಲ್ಲಿ ನೋಡಿದ್ದೀರಿ. ತುಳಸಿಗೆ ಸಮುದ್ರದ ನೀರನ್ನೆರೆದರೆ ಅದಕ್ಕೂ ಇದೇ ಗತಿ. ಒಂದು ಲೀಟರು ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ಆದರೂ ತಿವರವು ಬಾಡದು. ಅದರ ಬೇರುಗಳು ಉಪ್ಪಿನ ಬಹುಪಾಲನ್ನು ಹೊರಗೇ ತಡೆಯುತ್ತವೆ. ಒಳಗೆ ನುಸುಳಿದುದನ್ನು ಎಲೆಗಳಲ್ಲಿರುವ ಸೂಕ್ಷ್ಮ ಗ್ರಂಥಿಗಳು ಹೊರಚೆಲ್ಲುತ್ತವೆ. ಬಿಸಿಲಿನ ದಿನ ಎಲೆಯ ಮೇಲೆ ಉಪ್ಪಿನ ಹರಳುಗಳನ್ನು ಕಣ್ಣಾರೆ ಕಾಣಬಹುದು.

ಉಪ್ಪಿಗಿಂತಲೂ ದೊಡ್ಡ ಕಷ್ಟ ಗಾಳಿಯದು. ಸಸ್ಯವು ಎಲೆಯಿಂದ ಉಸಿರಾಡುತ್ತದೆಂದು ಪರೀಕ್ಷೆಯಲ್ಲಿ ಬರೆದು ಮುಗಿಸುವವರೇ ಹೆಚ್ಚು. ಬೇರಿಗೂ ಉಸಿರು ಬೇಕೆಂಬುದನ್ನು ಮರೆಯುತ್ತಾರೆ. ಬೇರಿನ ಪ್ರತಿಯೊಂದು ಜೀವಕೋಶವೂ ಆಮ್ಲಜನಕವನ್ನು ಬಳಸಿಯೇ ತನಗೆ ಬೇಕಾದ ಶಕ್ತಿಯನ್ನು ಪಡೆಯುತ್ತದೆ. ಹೊಲದ ಮಣ್ಣಿನ ಸಂದುಗಳಲ್ಲಿ ಗಾಳಿಯಿರುತ್ತದೆ. ಖಾಡಿಯ ಕೆಸರಿನಲ್ಲಿ ಆ ಸಂದುಗಳೆಲ್ಲ ನೀರಿನಿಂದ ತುಂಬಿರುತ್ತವೆ. ನೀರಿನಲ್ಲಿ ಆಮ್ಲಜನಕವು ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ನಾವು ಮೂಗು ಮುಚ್ಚಿಕೊಳ್ಳುವ ಆ ಕೊಳೆತ ಮೊಟ್ಟೆಯ ವಾಸನೆಯೂ ಇದಕ್ಕೆ ಸಾಕ್ಷಿಯೇ: ಆಮ್ಲಜನಕವಿಲ್ಲದೆ ಬಾಳುವ ಬ್ಯಾಕ್ಟೀರಿಯಗಳು ಅಲ್ಲಿ ಹೈಡ್ರೋಜನ್ ಸಲ್ಫೈಡನ್ನು ಉಂಟುಮಾಡುತ್ತವೆ.

ಆದುದರಿಂದ ತಿವರದ ಬೇರುಗಳು ಕೆಳಗಿಳಿಯುವುದರ ಜೊತೆಗೆ ಮೇಲಕ್ಕೂ ಏಳುತ್ತವೆ. ಮರದ ಸುತ್ತ ನೆಟ್ಟ ಪೆನ್ಸಿಲುಗಳಂತೆ, ಕೆಲವು ಬೆರಳುದ್ದ, ಕೆಲವು ಗೇಣುದ್ದ, ನೂರಾರು ಉಸಿರುಬೇರುಗಳು ಕೆಸರನ್ನು ಸೀಳಿ ನಿಲ್ಲುತ್ತವೆ. ಅವುಗಳ ತೊಗಟೆಯಲ್ಲಿ ಸಣ್ಣ ರಂಧ್ರಗಳಿವೆ; ಒಳಗೆ ಸ್ಪಂಜಿನಂತಹ ಅಂಗಾಂಶವಿದೆ. ಇಳಿತದ ವೇಳೆಯಲ್ಲಿ ಗಾಳಿಯು ಈ ದಾರಿಯಿಂದ ಒಳಸೇರಿ ಕೆಸರಿನೊಳಗಿನ ಬೇರುಗಳನ್ನು ಮುಟ್ಟುತ್ತದೆ. ಇನ್ನು ಇದರ ಬೀಜವೂ ವಿಚಿತ್ರವೇ. ಮರದಲ್ಲಿರುವಾಗಲೇ ಕಾಯಿಯೊಳಗೆ ಮೊಳೆತು, ಬಿದ್ದ ಮೇಲೆ ತೇಲಿಹೋಗಿ ಬೇರೂರುತ್ತದೆ.

ಇಂತಹ ಮರವನ್ನು ಕೊಲ್ಲಲು ಕೊಡಲಿಯೇ ಬೇಡ. ಕೆಡವಿದ ಮನೆಗಳ ಕಲ್ಲುಮಣ್ಣನ್ನು ತಂದು ಉಸಿರುಬೇರುಗಳು ಮುಚ್ಚುವಷ್ಟು ಸುರಿದರೆ ಸಾಕು, ಕಾಂಡಕ್ಕೆ ಗಾಯವಿಲ್ಲದೆಯೇ ಮರವು ಉಸಿರುಕಟ್ಟಿ ಒಣಗುತ್ತದೆ. ತಾನೇ ಒಣಗಿತೆಂದು ಹೇಳಿಬಿಡುವುದೂ ಆಗ ಸುಲಭ! ಮುಂಬಯಿ ಉಚ್ಚ ನ್ಯಾಯಾಲಯವು 2005ರಲ್ಲಿ ಕಾಂಡ್ಲಾ ಕಡಿಯುವುದನ್ನು ಮಾತ್ರವಲ್ಲದೆ ಅಲ್ಲಿ ಕಲ್ಲುಮಣ್ಣು ಸುರಿಯುವುದನ್ನೂ ತಡೆದುದು ಏಕೆಂಬುದು ಈಗ ನಿಮಗೆ ಹೊಳೆದಿರಬೇಕು.

ಮುಂದಿನ ಬಾರಿ ಖಾಡಿಯನ್ನು ದಾಟುವಾಗ ಇಳಿತದ ಹೊತ್ತಾಗಿದ್ದರೆ ಕಿಟಕಿಯಿಂದಲೇ ನೋಡಿರಿ. ಒಣಗಿದ ಮರಗಳು ಕಂಡಲ್ಲಿ, ಅವುಗಳ ಬುಡದಲ್ಲಿ ಉಸಿರುಬೇರುಗಳು ಕಾಣುತ್ತವೆಯೇ, ಮಣ್ಣು ಕಾಣುತ್ತದೆಯೇ ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆದು ತರಗತಿಗೆ ತನ್ನಿರಿ.